ಕಲಾವಿದರ ಮನೆ ಜನರಿಗೆ ತೋರಿಸೋದು ಹೇಗೆ: ಶಿರಸಿ ಕಡೆ ಸ್ಟುಡಿಯೋ ಟೂರ್ ಮಾಡೋರಿಗೆ ಪೂರ್ತಿ ಮಾರ್ಗದರ್ಶಿ

ಈ ವರ್ಷನೂ ಮೂರು ಕಡೆಯಿಂದ ಅದೇ ಕಥೆ ಕೇಳ್ದೆ. ನಾಲ್ಕು ಜನ ಉತ್ಸಾಹದಲ್ಲಿ ಸೇರ್ತಾರೆ, ಚಂದ ಪೋಸ್ಟರ್ ಮಾಡಿ ಸ್ಟೇಟಸ್ಸಿಗೆ ಹಾಕ್ತಾರೆ, ಭಾನುವಾರ ಬೆಳಿಗ್ಗೆ 40 ಕಾರು ಒಂದೇ ಮನೆ ದಣಪೆ (ಗೇಟು) ಎದುರು ಬಂದು ನಿಲ್ತವೆ, ಮಧ್ಯಾಹ್ನಕ್ಕೆ ಮನೆಯವರು ಸುಸ್ತು, ಬಂದವರಿಗೆ ಬೇಜಾರು, ಸಂಜೆ ಹೊತ್ತಿಗೆ "ಇನ್ನು ನಮ್ಮನೆಗೆ ಯಾರನ್ನೂ ಕರ್ಕಂಡು ಬರಬೇಡಿ" ಅನ್ನೋ ಮಾತು. ಎಲ್ಲಾ ಕಡೆ ತಪ್ಪು ಒಂದೇ, ಕೊನೆಗೆ ಮಾಡಬೇಕಾದ ಪೋಸ್ಟರನ್ನ ಮೊದಲು ಮಾಡಿರ್ತಾರೆ. ನಮ್ಮ ಕಡೆ ಸ್ಟುಡಿಯೋ ಅಂದ್ರೆ ಬೇರೆ ಬಿಲ್ಡಿಂಗ್ ಇರಲ್ಲ, ಜಗಲಿ, ಮಾಳಿಗೆ, ಇಲ್ಲಾ ಕೊಟ್ಟಿಗೆ ಪಕ್ಕದ ಚಾವಡಿ. ಅದೇ ಮನೇಲಿ ಅಡುಗೆ ಆಗ್ತದೆ, ಮಕ್ಕಳು ಓದ್ತಾರೆ, ಅಜ್ಜ ಮಲಗಿರ್ತಾರೆ. ಅದನ್ನ ಮೊದಲು ನೋಡಿ ಆಮೇಲೆ ಉಳಿದದ್ದು.

ಕೆಳಗಿನ ಕ್ರಮ ತಪ್ಪಿಸಬೇಡಿ. ಮೂರನೇದನ್ನ ಎರಡನೇದಕ್ಕಿಂತ ಮೊದಲು ಮಾಡಿ ನಾನೇ ಒಂದು ಸಲ ಅನುಭವಿಸಿದೀನಿ.

1. ಮೊದಲು ಮನೆಗೆ ಹೋಗಿ, ಫೋನಲ್ಲಿ ಮುಗಿಸಬೇಡಿ

ಬೇಕಾದ ಸಾಮಾನು: ಒಂದು ನೋಟ್‌ಬುಕ್, ಅಳತೆ ಟೇಪು, ವಾಚು, ಟಾರ್ಚು. ಟೂರ್ ದಿನ ಯಾವ ಹೊತ್ತಿಗೆ ಜನ ಬರ್ತಾರೋ ಅದೇ ಹೊತ್ತಿಗೆ ಹೋಗಿ. ಬೆಳಿಗ್ಗೆ 11ಕ್ಕೆ ಬೆಳಕಿರೋ ಜಗಲಿ ಮಧ್ಯಾಹ್ನ 3ಕ್ಕೆ ಕತ್ತಲಾಗಿರ್ತದೆ, ತೋಟದ ಮನೆಗಳಲ್ಲಂತೂ ಇನ್ನೂ ಬೇಗ.

ಕೆಲಸ ಮಾಡೋ ಜಾಗ ಅಳೀರಿ. 10 ಅಡಿಗೆ 12 ಅಡಿ ಕೋಣೆಯಲ್ಲಿ ಸಾಮಾನು, ಕಲಾವಿದರು ಎಲ್ಲ ಬಿಟ್ಟು ಆರಾಮಾಗಿ ನಿಲ್ಲೋಕೆ ಆಗೋದು 8 ಜನ, ಒತ್ತಿದ್ರೆ 10. ಒಳಗೆ ಚಿಕ್ಕದಾದ್ರೆ ಅಂಗಳಕ್ಕೆ ಸೋಗೆ ಚಪ್ಪರ ಹಾಕೋಕೆ ಆಗ್ತದಾ ಕೇಳಿ. ಆಮೇಲೆ ಕಾರು ಎಲ್ಲಿ ನಿಲ್ಲಿಸೋದು, ಅಲ್ಲಿಂದ ನಡೆಯೋದು ಎಷ್ಟು, ನಡುವೆ ಕಾಲುಸಂಕ (ಹಳ್ಳ ದಾಟೋ ಸಣ್ಣ ಸೇತುವೆ) ಇದ್ರೆ ಎರಡೂ ಬದಿ ಹಿಡಿಯೋಕೆ ಏನಾದ್ರೂ ಇದೆಯಾ, ನಾಯಿ ಕಟ್ಟೋದು ಯಾರು, ಬಚ್ಚಲು ಎಲ್ಲಿ, ಅದನ್ನ ಬೇರೆಯವರು ಬಳಸೋದು ಮನೆಯವರಿಗೆ ಒಪ್ಪಿಗೆನಾ. ಈ ಕೊನೇದನ್ನ ಕೇಳೋಕೆ ನಾಚಿಕೆಯಾಗಿ ಎಲ್ಲರೂ ಬಿಡ್ತಾರೆ, ಟೂರ್ ದಿನ ಮೊದಲು ಬರೋ ಪ್ರಶ್ನೆ ಅದೇ.

ಮನೆಯಲ್ಲಿ ಇರೋ ಎಲ್ಲರ ಹತ್ರ ಮಾತಾಡಿ, ಬರೀ ಕಲಾವಿದರ ಹತ್ರ ಅಲ್ಲ. ಅಣ್ಣ ಒಪ್ಪಿ ಅತ್ತಿಗೆಗೆ ಗೊತ್ತೇ ಇಲ್ಲದ ಮನೆಗೆ 60 ಜನ ಹೋದ್ರೆ ಏನಾಗ್ತದೆ ಅಂತ ಹೇಳಬೇಕಾ.

ಎಚ್ಚರಿಕೆ: "ಅಡ್ಡಿಲ್ಲೆ" ಅಂದ್ರೆ ಒಪ್ಪಿಗೆ. "ನೋಡನ" ಅಂದ್ರೆ ನಮ್ಮ ಕಡೆ ಇಲ್ಲ ಅಂತಲೇ ಲೆಕ್ಕ, ಮುಖದ ಮೇಲೆ ಬೇಡ ಅನ್ನೋಕೆ ಆಗದೇ ಹೇಳೋ ಮಾತು ಅದು. ನೋಡನ ಅಂದವರನ್ನ ಪಟ್ಟಿಗೆ ಸೇರಿಸಬೇಡಿ, ಮುಂದಿನ ವರ್ಷ ಅವರೇ ಕರೀತಾರೆ.

2. ದಿನ ಗೊತ್ತು ಮಾಡೋದು

ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟೇಬಿಡಿ. ಮಳೆ, ಉಂಬಳ (ಜಿಗಣೆ), ಘಟ್ಟದ ದಾರಿ ಯಾವಾಗ ಬಂದ್ ಆಗ್ತದೋ ಹೇಳೋಕಾಗಲ್ಲ. ಮಳೆಗಾಲ ಮುಗಿದ ಕೂಡಲೇ ಮಾಡೋಣ ಅಂದ್ರೆ ಅಡಿಕೆ ಕೊಯ್ಲು ಶುರುವಾಗ್ತದೆ, ಅಂಗಳ ತುಂಬ ಅಡಿಕೆ ಒಣಗ್ತಾ ಇರ್ತದೆ, ಮನೆಯವರಿಗೆ ತಲೆ ಎತ್ತೋಕೆ ಪುರುಸೊತ್ತಿರಲ್ಲ. ಕೊಯ್ಲಿನ ಗಡಿಬಿಡಿ ಇಳಿದ ಮೇಲೆ, ಬಿಸಿಲು ಏರೋದ್ರೊಳಗೆ, ಸುಮಾರಾಗಿ ಜನವರಿ ಕೊನೆಯಿಂದ ಫೆಬ್ರವರಿ ಒಳ್ಳೇದು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಇದೇ ಸಮಯದ ಆಸುಪಾಸಲ್ಲಿ ಬರ್ತದೆ, ಜಾತ್ರೆ ವರ್ಷ ಆದ್ರೆ ಒಂದು ತಿಂಗಳು ಮೊದಲೇ ಮುಗಿಸಿ, ಜಾತ್ರೆ ಹೊತ್ತಲ್ಲಿ ಶಿರಸೀಲಿ ರೂಮೂ ಸಿಗಲ್ಲ, ಗಾಡಿಯೂ ಸಿಗಲ್ಲ, ಮರ ಕೆತ್ತೋ ಗುಡಿಗಾರರೂ ಸಿಗಲ್ಲ.

ದಿನ ಗಟ್ಟಿ ಮಾಡೋ ಮೊದಲು ಆ ಊರಲ್ಲಿ ಮದುವೆ, ಉಪನಯನ, ದೇವಕಾರ್ಯ ಇದೆಯಾ ಕೇಳಿ. ಒಂದು ಮದುವೆ ಇದ್ರೆ ಇಡೀ ಊರೇ ಖಾಲಿ.

ಗಣಪತಿ ಮಾಡೋ ಮನೆ ತೋರಿಸಬೇಕು ಅಂತ ಇರೋ ಕುಮಟಾ, ಅಂಕೋಲಾ, ಕಾರವಾರದ ಕಡೆಯವರಿಗೆ ಬೇರೆ ದಾರಿ ಇಲ್ಲ, ಚೌತಿಗೆ ಮೊದಲೇ ಮಾಡಬೇಕು, ಮಳೆಯಲ್ಲೇ. ಆದ್ರೆ ಕೊನೇ ವಾರ ಖಂಡಿತ ಬೇಡ, ಮೂರು ವಾರ ಮೊದಲು 8 ಜನರ ಒಂದೇ ಒಂದು ಗುಂಪು ಸಾಕು.

3. ದಾರಿ ಮತ್ತು ಬ್ಯಾಚ್ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಹೆಚ್ಚಿನ ಟೂರ್ ಮುಗ್ಗರಿಸೋದು ಇಲ್ಲೇ.

ಒಂದು ಮನೆಗೆ 40 ನಿಮಿಷ ಇಡಿ. ಮನೆಯಿಂದ ಮನೆಗೆ 20 ನಿಮಿಷ. 6 ಮನೆ ಅಂದ್ರೆ 240 ನಿಮಿಷ, ನಡುವಿನ 5 ಓಡಾಟ 100 ನಿಮಿಷ, ಊಟ 60, ಒಟ್ಟು 400 ನಿಮಿಷ, ಅಂದ್ರೆ 6 ತಾಸು 40 ನಿಮಿಷ. ಬೆಳಿಗ್ಗೆ 9.30ಕ್ಕೆ ಶುರು ಮಾಡಿದ್ರೆ 4.10ಕ್ಕೆ ಮುಗೀತದೆ. ಇದೇ 9 ಮನೆ ಮಾಡಿದ್ರೆ 9 ತಾಸು 40 ನಿಮಿಷ ಬೇಕು, ಚಳಿಗಾಲದಲ್ಲಿ ಅಷ್ಟೊತ್ತಿಗೆ ಕತ್ತಲಾಗಿರ್ತದೆ. ಆದ್ರೂ ಪ್ರತಿ ಸಲ ಯಾರೋ ಒಬ್ಬರು "ಇನ್ನೊಂದು ಮನೆ ಸೇರಿಸಿ, ಬೇಜಾರು ಮಾಡ್ಕೋತಾರೆ" ಅಂತಾರೆ. ಸೇರಿಸಬೇಡಿ.

ಈಗ ಬ್ಯಾಚು. 60 ಜನರನ್ನ ಒಟ್ಟಿಗೆ ಬಿಟ್ರೆ ಜಾತ್ರೆ. 12 ಜನರ 5 ಬ್ಯಾಚ್ ಮಾಡಿ, ಒಂದೊಂದು ಬ್ಯಾಚನ್ನ ಒಂದೊಂದು ಮನೆಯಿಂದ ಶುರು ಮಾಡಿಸಿ. ಒಂದನೇ ಬ್ಯಾಚು ಒಂದನೇ ಮನೆಯಿಂದ, ಎರಡನೇದು ಎರಡನೇ ಮನೆಯಿಂದ, ಹೀಗೆ, ಎಲ್ಲರೂ ಒಂದೇ ದಿಕ್ಕಿಗೆ ಸುತ್ತೋದು. ಬ್ಯಾಚ್ 5, ಮನೆ 6 ಆದ್ದರಿಂದ ಪ್ರತಿ ಸರದಿಗೂ ಒಂದು ಮನೆ ಖಾಲಿ ಇರ್ತದೆ, ದಿನ ಮುಗಿಯೋದ್ರೊಳಗೆ ಎಲ್ಲಾ ಮನೆಗೂ ಒಂದೊಂದು ಸಲ 40 ನಿಮಿಷ ಬಿಡುವು ಸಿಕ್ಕಿರ್ತದೆ. ಆ ಹೊತ್ತಲ್ಲಿ ಅವರು ಕವಳ (ಎಲೆ-ಅಡಿಕೆ) ಹಾಕ್ತಾರೋ, ದನಕ್ಕೆ ನೀರು ಕೊಡ್ತಾರೋ, ಸುಮ್ಮನೆ ಕೂರ್ತಾರೋ ಅವರಿಷ್ಟ. ಬ್ಯಾಚೂ ಮನೆಯೂ ಸಮ ಮಾಡಿದ್ರೆ ಈ ಬಿಡುವು ಹೋಯ್ತು. ಕೋಣೆ ಚಿಕ್ಕದಿರೋ ಮನೇಲಿ 12 ಜನರಲ್ಲಿ ಅರ್ಧ ಒಳಗೆ, ಅರ್ಧ ಚಪ್ಪರದಲ್ಲಿ, 20 ನಿಮಿಷಕ್ಕೆ ಅದಲುಬದಲು.

ಹೀಗೆ ಸುತ್ತಬೇಕಾದ್ರೆ ಕೊನೇ ಮನೆಯಿಂದ ಮೊದಲ ಮನೆಗೂ 20 ನಿಮಿಷದ ದಾರಿ ಇರಬೇಕು. ಉದ್ದಕ್ಕೆ ಒಂದೇ ರಸ್ತೆ ಮೇಲೆ ಮನೆ ಆರಿಸಿದ್ರೆ ಲೆಕ್ಕ ಕೆಡ್ತದೆ. ಶಿರಸಿ ಸುತ್ತ ಒಂದು ದಿನ, ಸಿದ್ದಾಪುರ ಕಡೆ ಇನ್ನೊಂದು ದಿನ ಅಂತ ಬೇರೆ ಮಾಡಿ. ಸಿದ್ದಿ ಸಮುದಾಯದವರು ಹಳೆ ಬಟ್ಟೆ ಸೇರಿಸಿ ಹೊಲಿಯೋ ಕೌದಿ ತೋರಿಸಬೇಕು ಅಂತ ಯಲ್ಲಾಪುರ, ಹಳಿಯಾಳದ ಕಡೆಯದ್ದನ್ನ ಇದೇ ದಿನಕ್ಕೆ ತುರುಕೋರು ಇದ್ದಾರೆ, ದಾರಿಯಲ್ಲೇ ದಿನ ಹೋಗ್ತದೆ, ಅದಕ್ಕೆ ಅದರದ್ದೇ ಒಂದು ದಿನ ಕೊಡಿ. ಘಟ್ಟದ ಕೆಳಗಿನದ್ದೂ ಹಾಗೇ.

ಸಾಮಾನ್ಯ ತಪ್ಪು: ಗೂಗಲ್ ಮ್ಯಾಪ್ ತೋರಿಸೋ ಹೊತ್ತನ್ನೇ ನಂಬೋದು. ಅದು ಒಂದು ಕಾರಿನ ಲೆಕ್ಕ. 12 ಜನ ಇಳಿದು, ಚಪ್ಪಲಿ ಹಾಕಿ, ಒಬ್ಬರು ಫೋಟೋ ಹೊಡೆಯೋಕೆ ಹೋಗಿ, ಅವರನ್ನ ಕರೆದು ಹತ್ತಿಸೋ ಹೊತ್ತಿಗೆ 10 ನಿಮಿಷ ಹೋಗಿರ್ತದೆ.

4. ದುಡ್ಡಿನ ಮಾತು ಮೊದಲೇ

ಟಿಕೆಟ್ ಇಡಿ, ಪುಕ್ಕಟೆ ಬೇಡ. ಪುಕ್ಕಟೆ ಇಟ್ಟಾಗ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬರಲ್ಲ, ಹೆಸರು ಕೊಡದವರು ಅದರ ಎರಡರಷ್ಟು ಬರ್ತಾರೆ. ಉದಾಹರಣೆಗೆ 300 ರೂಪಾಯಿ ಇಟ್ರೆ 60 ಜನಕ್ಕೆ 18,000. ಬೋರ್ಡು, ಪ್ರಿಂಟು, ಮನೆ ಮನೆ ಹತ್ರ ನಿಂತು ನೋಡ್ಕೊಳ್ಳೋ ನಮ್ಮ ಹುಡುಗರ ಊಟ-ಪೆಟ್ರೋಲು ಅಂತ 6,000 ಹೋದ್ರೆ ಉಳಿದ 12,000ದಲ್ಲಿ ಮನೆಗೆ 2,000. ಹೆಸರಿರೋರಿಗೆ ಜಾಸ್ತಿ, ಇಲ್ಲದವರಿಗೆ ಕಡಿಮೆ ಮಾಡೋಕೆ ಹೋಗಬೇಡಿ. ಗಾಡಿ ಮತ್ತು ಊಟದ ಖರ್ಚು ಬಂದವರದ್ದೇ, ಅದನ್ನ ಈ ಲೆಕ್ಕದಲ್ಲಿ ಕಲೆಸಬೇಡಿ.

ಮಾರಾಟದ ಮೇಲೆ ಕಮಿಷನ್ ತಗೋಬೇಕಾ ಅಂತ ಕೇಳ್ತಾರೆ. ನನ್ನ ಪ್ರಕಾರ ಬೇಡ. 400 ರೂಪಾಯಿ ಬುಟ್ಟಿ ಮಾರಿದವರ ಹತ್ರ 40 ಕೇಳೋಕೆ ಹೋದ್ರೆ ಮರ್ಯಾದೆ ಹೋಗ್ತದೆ.

ಒಂದು ಸಲ ಊರಿಗೆ ಬಂದ ಒಂದು ಸಂಸ್ಥೆಯವರ ಜೊತೆ ಸೇರಿ ಮಾಡಿದ್ವಿ, ಹೆಸರು ಬೇಡ. ಟಿಕೆಟ್ ದುಡ್ಡು ಅವರ ಖಾತೆಗೆ ಹೋಯ್ತು, ಮನೆಗಳಿಗೆ ಬಂದಿದ್ದು ಐದು ತಿಂಗಳ ಮೇಲೆ, ಅದೂ ನಾನು ವಾರಕ್ಕೊಂದು ಫೋನ್ ಮಾಡಿದ ಮೇಲೆ. ಅದಾದ ಮೇಲೆ ದುಡ್ಡು ಊರವರ ಕೈಲೇ ಇರಬೇಕು ಅನ್ನೋದು ನನ್ನ ಷರತ್ತು.

5. ಕೆಲಸದ ಜಾಗ ತಯಾರು ಮಾಡೋದು

ಎಲ್ಲಾ ಮನೆಗೂ ಒಂದೇ ಮಾತು: ಮುಗಿದ ವಸ್ತು ಸಾಲಾಗಿ ಜೋಡಿಸಿಟ್ರೆ ಅದು ಅಂಗಡಿ. ಜನ ಬರೋದು ಅರ್ಧ ಆಗಿರೋದನ್ನ ನೋಡೋಕೆ. ಪ್ರತಿ ಬ್ಯಾಚಿಗೂ ಕೈ ಕೆಲಸ ನಡೀತಾ ಇರೋ ಹಾಗೆ ಸಾಮಾನು ಐದು ಪಾಲು ಮಾಡಿಟ್ಕೊಳ್ಳಿ. ಮೊದಲ ಬ್ಯಾಚಿಗೇ ಎಲ್ಲ ಮಾಡಿ ಮುಗಿಸಿ ಉಳಿದವರಿಗೆ ಬಾಯಲ್ಲಿ ಹೇಳೋದು ಬಹಳ ಕಡೆ ಆಗ್ತದೆ.

ಚಿತ್ತಾರ: ದೀವರ ಸಮುದಾಯದವರು ಮನೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರಕ್ಕೆ ಗೋಡೆಗೆ ಕೆಮ್ಮಣ್ಣು ಬಳಿದು ಪೂರ್ತಿ ಒಣಗಿರಬೇಕು, ಹಾಗಾಗಿ ಹಿಂದಿನ ದಿನವೇ ಆಗಬೇಕು. ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣ ಬೆಳಿಗ್ಗೆ ಹೊಸದಾಗಿ ಮಾಡಿದ್ರೆ ಒಳ್ಳೇದು, ನಿನ್ನೆಯದ್ದು ಹುಳಿ ವಾಸನೆ ಬರ್ತದೆ. ಪುಂಡಿ ನಾರಿನ ಕುಂಚ ನಾಲ್ಕೈದು ಜಾಸ್ತಿ ಇರಲಿ, ಬಂದವರು ಒತ್ತಿ ಹಿಡಿದು ನಾರು ಹರಡಿಸಿಬಿಡ್ತಾರೆ. ಗೋಡೆ ಮೇಲೆ ಕೈ ಹಾಕೋಕೆ ಯಾರಿಗೂ ಕೊಡಬೇಡಿ, ಕೆಮ್ಮಣ್ಣು ಬಳಿದ ರಟ್ಟು ಕೊಡಿ, ಅದನ್ನೇ ಮನೆಗೆ ಒಯ್ಯಲಿ.

ಇಲ್ಲೊಂದು ಹೇಳಲೇಬೇಕು. ನಾವು ಮಾಡಿದ ಮೊದಲ ಟೂರಲ್ಲಿ ಚಿತ್ತಾರ ಬರೆಯೋ ಅಕ್ಕನ ಮನೆಗೆ 11 ಗಂಟೆಗೆ ಹೋದ್ರೆ ಗೋಡೆ ಎದುರು ಅವರಿಲ್ಲ, ಅಕ್ಕಿ ಬಣ್ಣದ ಗರಟೆ ಮೇಲೆ ಕೆನೆಗಟ್ಟಿದೆ, ಕುಂಚ ಒಣಗಿ ಕಡ್ಡಿ ಆಗಿದೆ. ಅವರು ಒಳಗೆ ಒಲೆ ಮುಂದೆ. ಮೂರನೇ ಪಾತ್ರೆ ಚಾ ಇಟ್ಟಿದ್ರು, ಸೆರಗಲ್ಲಿ ಕಣ್ಣು ಒರೆಸ್ಕೋತಾ, ಹೊಗೆ. ಅಕ್ಕಾ ಬಿಡಿ ಅಂದೆ. "ಬಂದೋರನ್ನ ಒಂದು ಲೋಟ ಚಾ ಕೊಡದೆ ಹ್ಯಾಂಗೆ ಕಳ್ಸೂದು ತಮ್ಮಾ" ಅಂದ್ರು. ಆವತ್ತು ಬಂದ ಜನ ಅವರ ಮಗಳು ಬರೆದ ಎರಡು ಗೆರೆ ನೋಡಿ, ಚಾ ಚೆನ್ನಾಗಿತ್ತು ಅಂತ ಹೇಳಿ ಹೋದ್ರು. ಆವತ್ತಿಂದ ನಮ್ಮ ನಿಯಮ: ಕಲಾವಿದರ ಒಲೆ ಆವತ್ತು ಹಚ್ಚೋದಿಲ್ಲ. ಆಸರಿಗೆ (ಬಾಯಾರಿಕೆಗೆ) ಏನು ಕೊಡೋದಿದ್ರೂ ನಮ್ಮ ಹುಡುಗರು ಹೊರಗಿಂದ ತರ್ತಾರೆ, ಮುರುಗಲ (ಕೋಕಂ) ಪಾನಕ ಒಂದು ಕ್ಯಾನು, ಬೆಲ್ಲ, ನೀರು, ಮುಗೀತು. ಅದನ್ನ ಬಡಿಸೋದು ಮಾತ್ರ ಮನೆಯವರ ಕೈಯಲ್ಲೇ ಕೊಡಿಸಿ, ಇಲ್ಲಾಂದ್ರೆ ಅವರಿಗೆ ಸಮಾಧಾನ ಆಗಲ್ಲ. ಮಧ್ಯಾಹ್ನದ ಊಟವೂ ಅವರಿಗೆ ನಾವೇ ತಂದು ಕೊಡೋದು.

ಕಾವಿ: ಸುಣ್ಣದ ಗಾರೆ ಮೇಲೆ ಕೆಂಪು ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ತೆಗೆಯೋ ಗೋಡೆ ಚಿತ್ರದ ಕೆಲಸ ಇದು. ಒಣಗಿದ್ರೆ ಮುಗೀತು. ಆದ್ದರಿಂದ ದೊಡ್ಡ ಹಲಗೆ ಒಂದು ಬೇಡ, ಚಿಕ್ಕ ಹಲಗೆ ಐದು ಇಟ್ಕೊಂಡು ಪ್ರತಿ ಬ್ಯಾಚ್ ಬರೋ ಮೊದಲು ಒಂದೊಂದಕ್ಕೆ ಬಣ್ಣ ಬಳೀರಿ. ಹಸಿ ಸುಣ್ಣ ಕಣ್ಣಿಗೆ ಹಾರಿದ್ರೆ ಅಪಾಯ, ಮಕ್ಕಳನ್ನ ಮುಂದಿನ ಸಾಲಲ್ಲಿ ಕೂರಿಸಬೇಡಿ, ಪಕ್ಕದಲ್ಲಿ ಒಂದು ಬಕೆಟ್ ಒಳ್ಳೆ ನೀರು ಇರಲೇಬೇಕು.

ಗುಡಿಗಾರರ ಕೆತ್ತನೆ: ಉಳಿ ಹೊಡೆಯುವಾಗ ಚಕ್ಕೆ ಹಾರೋದು ಎದುರಿಗೆ, ಜನ ನಿಲ್ಲೋದೂ ಎದುರಿಗೇ. ನೆಲಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದು ಬದಿಯಲ್ಲಿ ನಿಲ್ಲಿಸಿ. ಉಳಿ ಎಣಿಸಿಟ್ಕೊಳ್ಳಿ, ಕದಿಯೋರು ಇದ್ದಾರೆ ಅಂತಲ್ಲ, ಯಾರೋ ನೋಡೋಕೆ ತಗೊಂಡು ಎಲ್ಲೋ ಇಟ್ಟು ಹೋಗ್ತಾರೆ, ಕೈಗೆ ಪಳಗಿದ ಉಳಿ ಹೋದ್ರೆ ಹೊಸದು ಅದರ ಹಾಗೆ ಆಗೋಕೆ ವರ್ಷ ಬೇಕು. ಗಂಧದ ವಸ್ತು ಮಾರೋದಾದ್ರೆ ಪ್ರತಿಯೊಂದಕ್ಕೂ ಬಿಲ್ಲು ಕೊಡಲೇಬೇಕು, ಕೊಂಡವರು ಅದನ್ನ ಜೊತೆಗೇ ಇಟ್ಕೊಳ್ಳಲಿ, ಚೆಕ್‌ಪೋಸ್ಟಲ್ಲಿ ಕೇಳಿದ್ರೆ ತೋರಿಸೋಕೆ. ಬಿಲ್ಲು ಕೊಡೋಕೆ ಆಗದಿದ್ರೆ ಶಿವನಿ, ಸಾಗವಾನಿ ಕೆಲಸ ಮಾತ್ರ ಮಾರಾಟಕ್ಕಿಡಿ. ಬೆಂಡಿನ (ಗಿಡದ ಹಗುರ ತಿರುಳಿನ) ಕೆಲಸ, ಬಾಸಿಂಗ ಅಂಥದ್ದು ಇದ್ರೆ ಫ್ಯಾನ್ ಬಂದ್ ಮಾಡಿ. ಹೂವಿನ ಎಸಳು ಅಂಗಳದವರೆಗೆ ಹಾರಿದ್ದನ್ನ ಹೆಕ್ಕಿದೀನಿ ನಾನು. ಬೀಡಿ, ಊದಿನಕಡ್ಡಿ ಹತ್ರ ಬೇಡ.

ಮಣ್ಣಿನ ಗಣಪತಿ: ಹಸಿ ಮೂರ್ತಿ ಮತ್ತು ಜನರ ನಡುವೆ ಒಂದು ಬೆಂಚು ಅಡ್ಡ ಇಡಿ. ಘಟ್ಟದ ಕೆಳಗೆ ಒಂದು ಕಡೆ ಅಪ್ಪ ಮಗೂನ ಎತ್ತಿ ತೋರಿಸಿದ, ಮಗು ಸೊಂಡಿಲಿಗೆ ಬೆರಳು ಚುಚ್ಚಿತು. ತಿದ್ದಬಹುದಲ್ಲ ಅಂತ ನೋಡೋರಿಗೆ ಅನಿಸ್ತದೆ, ಆದ್ರೆ ಆರ್ಡರ್ ಕೊಟ್ಟ ಮನೆಯವರು ಭಿನ್ನ ಆಯ್ತು ಅಂದ್ರೆ ಆ ಮೂರ್ತಿ ಹೋಯ್ತು, ಅಷ್ಟು ದಿನದ ಕೆಲಸನೂ ಹೋಯ್ತು. ಮುಟ್ಟೋಕೆ ಆಸೆ ಇರೋರಿಗೆ ಒಂದು ಮುದ್ದೆ ಮಣ್ಣು ಬೇರೆ ಕೊಡಿ.

ಯಕ್ಷಗಾನದ ವೇಷ: ಮೇಳದ ಕಲಾವಿದರು ತಿರುಗಾಟದಲ್ಲಿ ರಾತ್ರಿ ಕುಣಿದು ಹಗಲು ಮಲಗೋರು, ಅವರನ್ನ 9.30ರ ಸುತ್ತಿಗೆ ಹಾಕಬೇಡಿ. ಎಲ್ಲಾ ಬ್ಯಾಚನ್ನೂ ಕೊನೆಗೆ 4.30ಕ್ಕೆ ಒಂದೇ ಅಂಗಳಕ್ಕೆ ಸೇರಿಸಿ, ಮುಖಕ್ಕೆ ಬಣ್ಣ ಬರೆಯೋದ್ರಿಂದ ಕಿರೀಟ ಕಟ್ಟೋವರೆಗೆ ಕೂತು ನೋಡಲಿ. ಕಿರೀಟ ತಲೆ ಮೇಲಿಟ್ಕೊಂಡು ಸೆಲ್ಫಿ ತೆಗೆಯೋದು ಬೇಡ ಅಂತ ಗಾಡಿಯಲ್ಲೇ ಹೇಳಿ ಕರ್ಕಂಡು ಬನ್ನಿ. ಅಲ್ಲಿ ಬಂದ ಮೇಲೆ ಕಲಾವಿದರೇ ಬೇಡ ಅನ್ನೋ ಪರಿಸ್ಥಿತಿ ತರಬೇಡಿ.

ಕ್ಯಾನ್ವಾಸ್ ಪೇಂಟಿಂಗ್ ಮಾಡೋರಿಗೆ ಹೆಚ್ಚು ಹೇಳೋಕಿಲ್ಲ. ಒದ್ದೆ ಆಯಿಲ್ ಪೇಂಟಿಂಗ್ ಗೋಡೆ ಕಡೆ ತಿರುಗಿಸಿಡಿ, ಬಿಳಿ ಬಟ್ಟೆಯವರು ಹುಡುಕಿಕೊಂಡು ಬಂದು ಅದಕ್ಕೇ ಒರಗ್ತಾರೆ.

6. ಮಾರಾಟ

ಪ್ರತಿ ವಸ್ತುವಿಗೂ ಬೆಲೆ ಚೀಟಿ ಅಂಟಿಸಿ. ಬಾಯಲ್ಲಿ ಹೇಳೋಕೆ ಬಿಟ್ರೆ ನಮ್ಮವರು ಸಂಕೋಚಕ್ಕೆ ಅರ್ಧ ಹೇಳ್ತಾರೆ, ಬಂದವರು ಅದರಲ್ಲೂ ಚೌಕಾಸಿ ಮಾಡ್ತಾರೆ. ಕೌದಿ ತರದ್ದಕ್ಕೆ ಬೆಲೆ ಜೊತೆ ಎಷ್ಟು ದಿನ ಹೊಲಿದದ್ದು ಅಂತಲೂ ಬರೀರಿ, ಚೌಕಾಸಿ ತನ್ನಷ್ಟಕ್ಕೆ ಕಡಿಮೆ ಆಗ್ತದೆ.

ಕ್ಯೂಆರ್ ಕೋಡ್ ಅಂಟಿಸಿದ್ರೆ ಕೆಲಸ ಮುಗೀಲಿಲ್ಲ, ಅಲ್ಲಿ ನೆಟ್‌ವರ್ಕ್ ಬೇಕಲ್ಲ. ಎಷ್ಟೋ ಮನೇಲಿ ಬಿಎಸ್‌ಎನ್‌ಎಲ್ ಒಂದೇ, ಅದೂ ಅಂಗಳದ ಮೂಲೆಯಲ್ಲಿ ನಿಂತ್ರೆ. ಮೊದಲ ಭೇಟಿಯಲ್ಲೇ ನಾಲ್ಕು ಸಿಮ್ ಹಾಕಿ ನೋಡಿ, ಸಿಗ್ನಲ್ ಸಿಗೋ ಜಾಗಕ್ಕೆ ಗುರುತು ಮಾಡಿ, ಮಾರಾಟದ ಮೇಜು ಅಲ್ಲೇ ಇಡಿ. ಎಲ್ಲೂ ಸಿಗದಿದ್ರೆ ನಗದು ತನ್ನಿ ಅಂತ ಟಿಕೆಟ್ ಕೊಡುವಾಗಲೇ ಹೇಳಿ. ಮನೆಗೆ 2,000 ರೂಪಾಯಿ ಚಿಲ್ಲರೆ, 10, 20, 50, 100ರ ನೋಟು. ಕಟ್ಟಿಕೊಡೋಕೆ ಹಳೆ ಪೇಪರು, ದಾರ, ರಟ್ಟಿನ ಪೆಟ್ಟಿಗೆ.

ಎಚ್ಚರಿಕೆ: "ಆಮೇಲೆ ಕಳಿಸ್ತೀನಿ" ಅಂದವರ ಹೆಸರು, ನಂಬರ್ ಪುಸ್ತಕದಲ್ಲಿ ಬರೆಸಿ, ಬರೆಯೋದು ನಿಮ್ಮ ಹುಡುಗರು. ಮನೆಯವರು ಕೇಳಲ್ಲ.

7. ಬೋರ್ಡು, ನಕ್ಷೆ, ಹುಡುಗರು

ಮನೆಗೆ ಇಬ್ಬರು. ಒಬ್ಬರು ದಣಪೆ ಹತ್ರ ಗಾಡಿ ನೋಡೋಕೆ, ಒಬ್ಬರು ಒಳಗೆ ಗಡಿಯಾರ ನೋಡೋಕೆ. ಒಳಗಿನವರು 35ನೇ ನಿಮಿಷಕ್ಕೆ ಎಬ್ಬಿಸಬೇಕು, ಸ್ವಲ್ಪ ಗಟ್ಟಿ ಜನ ಇರಲಿ. ಬೋರ್ಡು ಎಡ-ಬಲ ತಿರುವಿಗೆಲ್ಲ ಬೇಕು, ತಿರುವಿಗಿಂತ 50 ಮೀಟರ್ ಮೊದಲು. ಕಾಗದದ ಬೋರ್ಡು ಇಬ್ಬನಿಗೆ ಬೆಳಿಗ್ಗೆಯೇ ಜೋತುಬೀಳ್ತದೆ, ಹಳೆ ಫ್ಲೆಕ್ಸ್ ಹಿಂಬದಿಗೆ ಬಣ್ಣದಲ್ಲಿ ಬರೆದ್ರೆ ಸಾಕು. ಹುಡುಗರೆಲ್ಲರ ನಂಬರ್ ಇರೋ ಕಾಗದದ ನಕ್ಷೆ ಪ್ರತಿ ಗಾಡಿಗೆ ಒಂದು. ಪಂಚಾಯ್ತಿಗೆ, ಪೊಲೀಸ್ ಸ್ಟೇಷನ್ನಿಗೆ ಒಂದೊಂದು ಪತ್ರ ಕೊಟ್ಟಿರಿ.

ಪೋಸ್ಟರ್ ಈಗ ಮಾಡಿ. ಅದರಲ್ಲಿ ಮನೆ ವಿಳಾಸ ಹಾಕಬೇಡಿ, ಸೇರೋ ಜಾಗ ಮತ್ತು ಹೊತ್ತು ಮಾತ್ರ. ವಿಳಾಸ ಹಾಕಿದ್ರೆ ಮುಂದಿನ ಆರು ತಿಂಗಳು ಭಾನುವಾರ ಭಾನುವಾರ ಯಾರಾದ್ರೂ ಬಂದು ಬಾಗಿಲು ತಟ್ಟತಾರೆ.

8. ಒಂದು ವಾರ ಮೊದಲು ಒಂದು ಸುತ್ತು

ನಾಲ್ಕು ಜನ ಒಂದು ಗಾಡೀಲಿ ಪೂರ್ತಿ ಸುತ್ತು ಹಾಕಿ, ಪ್ರತಿ ಮನೇಲಿ ನಿಜವಾಗ್ಲೂ 40 ನಿಮಿಷ ಕೂತು. ಮಾತಾಡೋಕೆ ಸಂಕೋಚ ಪಡೋ ಕಲಾವಿದರು ಇದ್ದೇ ಇರ್ತಾರೆ, ಅವರಿಗೆ ಭಾಷಣ ಕಲಿಸಬೇಡಿ. ಕೆಲಸ ಮಾಡ್ತಾ ಇರಲಿ, ಒಳಗಿರೋ ಹುಡುಗ ಇಲ್ಲಾ ಹುಡುಗಿ ಮೂರು ಪ್ರಶ್ನೆ ಕೇಳಲಿ: ಇದು ಯಾವುದರಿಂದ ಮಾಡಿದ್ದು, ಯಾವಾಗ ಕೆಡ್ತದೆ, ಕಲಿಸಿದ್ದು ಯಾರು. ಎರಡನೇ ಪ್ರಶ್ನೆಗೆ ಎಲ್ಲರ ಬಾಯೂ ಬಿಡ್ತದೆ.

9. ಆ ದಿನ

ಬೆಳಿಗ್ಗೆ 7ಕ್ಕೆ ಎಲ್ಲಾ ಮನೆಗೂ ಫೋನು. ಕರೆಂಟ್ ಇದೆಯಾ, ಯಾರಿಗಾದ್ರೂ ಹುಷಾರಿಲ್ವಾ, ಸೂತಕ ಬಂತಾ. ಬಂದಿದ್ರೆ ಆ ಮನೆ ಬಿಟ್ಟು ಸುತ್ತಿ, ಹೊಸ ಮನೆ ಹುಡುಕೋಕೆ ಹೋಗಬೇಡಿ.

ಗಾಡಿ ಹತ್ತುವಾಗಲೇ ಬಂದವರಿಗೆ ಹೇಳೋದು ನಾಲ್ಕೇ ಮಾತು: ಚಪ್ಪಲಿ ಹೊರಗೆ, ಕೇಳದೆ ಮುಟ್ಟಬೇಡಿ, ಒಳಮನೆ ಮತ್ತು ದೇವರ ಕೋಣೆ ಕಡೆ ಹೋಗಬೇಡಿ, ಮನೆಯವರ ಫೋಟೋ ಕೇಳಿ ತೆಗೀರಿ.

ಕೆಡ್ತಾ ಇದೆ ಅನ್ನೋಕೆ ಗುರುತು: ಕಲಾವಿದರು ನಿಂತುಕೊಂಡೇ ಮಾತಾಡೋಕೆ ಶುರು ಮಾಡಿದ್ರೆ ಕೆಲಸ ನಿಂತಿದೆ ಅಂತ. ಒಂದು ದಣಪೆ ಹತ್ರ ಎರಡು ಬ್ಯಾಚಿನ ಗಾಡಿ ಕಂಡ್ರೆ ಹಿಂದಿನ ಮನೇಲಿ ಹೊತ್ತು ಜಾರಿದೆ, ಓಡಿಸಿ ಸರಿ ಮಾಡಬೇಡಿ, ಊಟದಲ್ಲಿ 15 ನಿಮಿಷ ಕತ್ತರಿಸಿ. ಅಡುಗೆ ಮನೆಯಿಂದ ಹೊಗೆ ಕಂಡ್ರೆ ನಿಮ್ಮ ಹುಡುಗ ನಿದ್ದೆ ಮಾಡ್ತಿದ್ದಾನೆ.

10. ಮುಗಿದ ಮೇಲೆ

ಟಿಕೆಟ್ ಪಾಲು ಅದೇ ರಾತ್ರಿ, ಕವರಲ್ಲಿ ಹಾಕಿ, ಮನೆಗೇ ಹೋಗಿ ಕೊಡಿ. ನಾಳೆ ಅಂದ್ರೆ ಮುಂದಿನ ವಾರ ಆಗ್ತದೆ. ಮಾರನೇ ದಿನ ಬೋರ್ಡು ಬಿಚ್ಚಿ, ಮರಕ್ಕೆ ಸುತ್ತಿದ ತಂತಿ ಸಮೇತ. ಪಾರ್ಕಿಂಗ್ ಮಾಡಿದ ಗದ್ದೇಲಿ ಬಾಟ್ಲಿ ಹೆಕ್ಕಿ, ಆ ಗದ್ದೆ ಬೇರೆ ಯಾರದ್ದೋ ಇರ್ತದೆ, ಅವರಿಗೂ ಒಂದು ಮಾತು ಹೇಳಿ ಬನ್ನಿ.

ಹದಿನೈದು ದಿನ ಬಿಟ್ಟು ಮತ್ತೆ ಆರೂ ಮನೆಗೆ ಹೋಗಿ ಏನು ತೊಂದರೆ ಆಯ್ತು ಅಂತ ಕೇಳಿ. ಅದೇ ದಿನ ಕೇಳಿದ್ರೆ ಎಲ್ಲರೂ ಚಲೋ ಆತು ಅಂತಾರೆ. ಹೋಗುವಾಗ ಬಂದವರು ತೆಗೆದ ಫೋಟೋಗಳಲ್ಲಿ ಮನೆಗೆ ನಾಲ್ಕೈದು ಆರಿಸಿ ಪ್ರಿಂಟ್ ಹಾಕಿಸ್ಕೊಂಡು ಹೋಗಿ. ಎಲ್ಲರೂ ಕಳಿಸ್ತೀನಿ ಅಂತ ಹೇಳಿ ಹೋಗಿರ್ತಾರೆ, ಒಬ್ಬರೂ ಕಳಿಸಿರಲ್ಲ. ವಾಟ್ಸಾಪಲ್ಲಿ ಹಾಕಿದ್ರೆ ಆಗಲ್ವಾ ಅಂತ ಕೇಳಬೇಡಿ, ಅಲ್ಲಿ ನೆಟ್‌ವರ್ಕ್ ಇಲ್ಲ ಅಂತ ಆಗಲೇ ಹೇಳಿದೀನಲ್ಲ ಮಾರಾಯ್ರೆ.